ಕೊನೆಯ ಅಂಕಿ

14 ಅಕ್ಟೋಬರ್ 2025, ಮಂಗಳವಾರ, ರಾತ್ರಿ

ಊಟ ಆಯಿತು, ನಿದ್ದೆ ಬರುತ್ತಿಲ್ಲ. ತಲೆಯಲ್ಲಿ ಇನ್ನೂ ಆ ಅಕೌಂಟ್ ನಂಬರೇ ಓಡುತ್ತಿದೆ. ಹಾಲಿನ ಡೈರಿಗಳಿಗೆ ನಾವು ಮಾಡುತ್ತಿರುವ ಸಾಫ್ಟ್‌ವೇರ್‌ನ ತಲೆನೋವು ಇದು. ಅದರ ಪ್ರೋಗ್ರಾಂ ಸಿ ಶಾರ್ಪ್‌ನಲ್ಲಿದೆ. ಅದರ ಕಿಟಕಿಯೊಳಗೆ ಮೈಕ್ರೋಸಾಫ್ಟ್‌ನ ವೆಬ್‌ವ್ಯೂ 2 ಎಂಬ ಪುಟ್ಟ ಬ್ರೌಸರ್ ತೋರಿಸುವ ಪೇಜು ಜಾವಾಸ್ಕ್ರಿಪ್ಟ್‌ನಲ್ಲಿದೆ.

ಸಂಜೆ ಎಲ್ಲರೂ ಹೊರಡುವ ಹೊತ್ತಿಗೆ ನಮ್ಮ ಹುಡುಗ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. 'ಅಕ್ಕಾ, ಇದೊಂದು ನೋಡಿ. ಸಿ ಶಾರ್ಪ್ ಕಡೆ ಕೊನೇಲಿ ಮೂರಿದೆ. ಪೇಜಲ್ಲಿ ಎರಡು ಬರ್ತಿದೆ.'

ಟೆಸ್ಟಿಗೆ ಅಂತ ಅವನು ಹಾಕಿದ್ದ ನಂಬರು 9876543210987653. ಪರದೆ ಮೇಲೆ ಇದ್ದದ್ದು 9876543210987652. ಉಳಿದ ಹದಿನೈದು ಅಂಕಿಯೂ ಸರಿ. ಎರರ್ ಇಲ್ಲ, ಲಾಗ್‌ನಲ್ಲೂ ಏನೂ ಇಲ್ಲ. ನನಗೆ ಒಂದು ಕ್ಷಣ ಹೊಟ್ಟೆಯಲ್ಲಿ ಏನೋ ಆಯಿತು. ಮುಂದಿನ ವಾರ ದೀಪಾವಳಿ. ಹಬ್ಬಕ್ಕೆ ಮುಂಚೆ ಡೈರಿಗಳಲ್ಲಿ ಬಟವಾಡೆ ಆಗಲೇಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಹಾಕಿದವರ ದುಡ್ಡು ಅದು.

ಕೂತುಕೊಂಡು ಹೇಳಿದೆ. ಸಿ ಶಾರ್ಪ್‌ನ ಲಾಂಗ್ ಎಂಬ ಪೂರ್ಣಾಂಕದ ಬಗೆಯಲ್ಲಿ ಹದಿನೆಂಟು ಅಂಕಿಯ ನಂಬರು ಆರಾಮಾಗಿ ಕೂರುತ್ತದೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್ ಹಾಗಲ್ಲ, ಅದು ಫ್ಲೋಟ್, ಅಂದರೆ ದಶಮಾಂಶವನ್ನೂ ಹಿಡಿಯುವ, ಆದರೆ ನಿಖರತೆಗೆ ಮಿತಿ ಇರುವ ಬಗೆ. 9007199254740991ರವರೆಗೆ ಪೂರ್ಣಾಂಕಗಳನ್ನೆಲ್ಲ ನಿಖರವಾಗಿ ಹಿಡಿದುಕೊಳ್ಳುತ್ತದೆ. ಅದನ್ನು ದಾಟಿದ ಮೇಲೆ ಬೆಸ ಸಂಖ್ಯೆಗೆ ಜಾಗವೇ ಇಲ್ಲ, ಪಕ್ಕದ ಸಮ ಸಂಖ್ಯೆಗೆ ಜಾರುತ್ತದೆ. ಈ ಕಡೆಯಿಂದ ಆ ಕಡೆಗೆ ಮಾಹಿತಿಯನ್ನು ಬರಹದ ರೂಪದಲ್ಲಿ ಒಯ್ಯುವ ಜೇಸನ್‌ನಲ್ಲಿ ಮೂರು ಸರಿಯಾಗಿಯೇ ಹೋಗಿದೆ. ಆ ಕಡೆ ಅದನ್ನು ಬಿಚ್ಚಿದಾಗ ಎರಡಾಗಿದೆ.

'ದೊಡ್ಡ ಪೂರ್ಣಾಂಕಕ್ಕೆ ಅಂತಾನೇ ಜಾವಾಸ್ಕ್ರಿಪ್ಟ್‌ನಲ್ಲಿ ಬಿಗ್‌ಇಂಟ್ ಇದೆಯಲ್ಲಾ ಅಕ್ಕಾ?'

'ಇದೆ ಕಣೋ. ಜೇಸನ್ ಪಾರ್ಸ್ ಮಾಡಿದ್ರೆ, ಅಂದ್ರೆ ಬಿಚ್ಚಿದ್ರೆ, ಅದು ತಾನಾಗೇ ಬರಲ್ಲ. ವಾಪಸ್ ಸ್ಟ್ರಿಂಗಿಫೈ ಮಾಡಿ ಜೇಸನ್ ಆಗಿಸೋಕೆ ಹೋದ್ರೆ ಎರರ್ ಕೊಡುತ್ತೆ. ಅಕೌಂಟ್ ನಂಬರನ್ನ ನೀನು ಕೂಡ್ತೀಯಾ, ಕಳೀತೀಯಾ? ಸುಮ್ನೆ ಸ್ಟ್ರಿಂಗ್, ಅಂದ್ರೆ ಬರೀ ಅಕ್ಷರಗಳ ಸಾಲು, ಮಾಡಿ ಕಳಿಸು. ಮುಂದೆ ಸೊನ್ನೆ ಇದ್ರೂ ಉಳಿಯುತ್ತೆ.'

ತಲೆಯಾಡಿಸಿದ. ಆಮೇಲೆ ಅವನು ಕೇಳಿದ್ದೇ ನನ್ನನ್ನು ಜಾಸ್ತಿ ಕಾಡುತ್ತಿದೆ. 'ಈ ಮೆಸೇಜು, ಜೇಸನ್ನು ಎಲ್ಲಾ ಯಾಕೆ? ಆಡ್‌ಹೋಸ್ಟ್‌ಆಬ್ಜೆಕ್ಟ್ ಇದೆಯಲ್ಲ, ಫಂಕ್ಷನ್‌ಗಳೆಲ್ಲ ಇರೋ ನಮ್ಮ ಇಡೀ ಸಿ ಶಾರ್ಪ್ ಆಬ್ಜೆಕ್ಟನ್ನೇ ಪೇಜಿಗೆ ಕೊಟ್ಟುಬಿಡೋಣ. ಅಲ್ಲಿಂದಲೇ ಫಂಕ್ಷನ್ ಕರೆದರಾಯ್ತು.'

ಕೇಳೋಕೆ ಚೆನ್ನಾಗಿದೆ. ಹಳೆಯ ಬ್ರೌಸರ್ ಕಂಟ್ರೋಲ್ ಇದ್ದಾಗ ವಿಂಡೋ ಡಾಟ್ ಎಕ್ಸ್‌ಟರ್ನಲ್ ಅಂತ ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ನಮ್ಮ ಆ ಆಬ್ಜೆಕ್ಟಿನೊಳಗೆ ಏನೇನಿದೆ! ತೂಕದ ಮೆಷಿನ್ ಓದುವುದು, ಫ್ಯಾಟ್ ಓದುವುದು, ಫೈಲ್ ಬರೆಯುವುದು, ಬಟವಾಡೆ ಪಟ್ಟಿ ತಯಾರಿಸುವುದು. ನಾಳೆ ಆ ಕಿಟಕಿಯಲ್ಲಿ ಯಾವುದೋ ಲಿಂಕ್ ಒತ್ತಿ ಬೇರೆ ಪೇಜು ತೆರೆದುಕೊಂಡರೆ, ಆ ಪೇಜಿನ ಕೈಗೂ ಅದೆಲ್ಲ ಸಿಗುತ್ತದೆ. ಬಾಗಿಲಿಗೆ ಬಂದವರ ಕೈಗೆ ಬೀಗದ ಕೈ ಗೊಂಚಲು ಕೊಟ್ಟ ಹಾಗೆ. ಅದರ ಬದಲು ಎರಡೂ ಕಡೆ ಬರೀ ಮೆಸೇಜು ದಾಟಿಸುವ ಪೋಸ್ಟ್‌ಮೆಸೇಜ್ ಇರಲಿ. ಪೇಜು ಕೇಳಲಿ, ನಾವು ನೋಡಿ ಕೊಡೋಣ. ಮೆಸೇಜು ಬಂದಾಗ ಯಾವ ವಿಳಾಸದಿಂದ ಬಂತು ಎನ್ನುವುದು ಅದರ ಜೊತೆ ಬರುವ ಸೋರ್ಸ್‌ನಲ್ಲೇ ಇರುತ್ತದೆ. ಅದು ನಮ್ಮದಲ್ಲ ಅಂದರೆ ಅಲ್ಲೇ ಬಿಟ್ಟುಬಿಡುವುದು. ನಾಲ್ಕು ಸಾಲು ಜಾಸ್ತಿ ಬರೆಯಬೇಕಾಗುತ್ತದೆ, ಬರೆಯೋಣ.

ಅವನು ಪೂರ್ತಿ ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. 'ನಮ್ಮ ಪೇಜ್ ಬಿಟ್ಟು ಅಲ್ಲಿ ಇನ್ಯಾವುದು ತೆರೆಯುತ್ತೆ ಅಕ್ಕಾ?' ಅಂದ. ಒಳ್ಳೆಯ ಪ್ರಶ್ನೆ. ಇವತ್ತು ತೆರೆಯುವುದಿಲ್ಲ. ಆದರೆ ಈ ಸಾಫ್ಟ್‌ವೇರ್ ನಮ್ಮಿಬ್ಬರ ಕೈಯಲ್ಲೇ ಉಳಿಯುತ್ತದೆ ಅಂತ ಯಾರು ಹೇಳಿದರು? ನಾಳೆ ಇನ್ನೊಬ್ಬರು ಬಂದು ಅದರಲ್ಲೊಂದು ಸಹಾಯದ ಲಿಂಕ್ ಸೇರಿಸಬಹುದಲ್ವಾ.

ಅಂದ ಹಾಗೆ ಇವತ್ತಿಗೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ನಮ್ಮ ಡೈರಿಗಳಲ್ಲಿ ಜಾಸ್ತಿ ಇರುವುದು ಅದೇ. ವೆಬ್‌ವ್ಯೂ 2ಕ್ಕೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅಷ್ಟಾದರೂ ಸಮಾಧಾನ. ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ಕಾರ್ಯದರ್ಶಿಗಳಿಗೆ ಹಬ್ಬದ ಹೊತ್ತಲ್ಲಿ ಹೇಗೆ ಹೇಳುವುದು?

ಅಮ್ಮ ಫೋನ್ ಮಾಡಿದ್ದರು. ನೀರು ತುಂಬುವ ಹಬ್ಬದ ರಾತ್ರಿಗೆ ಬರ್ತೀನಿ ಅಂದಿದ್ದೇನೆ. ನೋಡಬೇಕು.

ಮಲಗುವ ಮುಂಚೆ ಇನ್ನೊಂದು ಹೊಳೆಯಿತು, ಬರೆದಿಡುತ್ತೇನೆ. ಪೋಸ್ಟ್‌ಮೆಸೇಜ್‌ಗೆ ತಾನಾಗಿ ಉತ್ತರ ಬರುವುದಿಲ್ಲ. ಕೇಳಿದ್ದು ಯಾವುದು, ಉತ್ತರ ಯಾವುದಕ್ಕೆ ಎಂದು ಹೊಂದಿಸಲು ಪ್ರತಿ ಮೆಸೇಜಿಗೂ ಒಂದು ಗುರುತು ಹಾಕುತ್ತೇವೆ. ಅಷ್ಟರಲ್ಲಿ ಯಾರಾದರೂ ಎಫ್5 ಒತ್ತಿದರೆ? ಪೇಜು ಹೊಸದು, ಕಾಯುತ್ತಿದ್ದ ಕೋಡ್ ಹೋಯಿತು. ತೂಕ ಮಾತ್ರ ಈ ಕಡೆ ಓದಿ ಆಗಿದೆ. ಆಗ ಆ ಹಾಲು ಪಟ್ಟಿಗೆ ಸೇರಿದ ಲೆಕ್ಕವೋ, ಅಥವಾ ಪೇಜು ಮತ್ತೆ ಕೇಳುವವರೆಗೆ ನಾವೇ ಇಟ್ಟುಕೊಂಡು ಕಾಯಬೇಕೋ?