ದೊಡ್ಡಮ್ಮನ ಫೋನಿಗೆ ಅಮ್ಮನ ಪುಸ್ತಕ

ಅಮ್ಮನ ಪುಸ್ತಕದ ಪ್ರತಿಗಳೆಲ್ಲ ಖಾಲಿಯಾಗಿವೆ. ನನ್ನ ಹತ್ತಿರ ಉಳಿದಿರುವುದು ಅಚ್ಚಿಗೆ ಕಳಿಸಿದ್ದ ಪಿಡಿಎಫ್ ಒಂದೇ. ದೊಡ್ಡಮ್ಮ ಓದಬೇಕು ಅಂದಾಗ ಅದನ್ನೇ ಅವರ ಫೋನಿಗೆ ಕಳಿಸಿದೆ. ಅರ್ಧ ಗಂಟೆಗೆ ಅವರ ಫೋನ್ ಬಂತು. "ಒಂದು ಸಾಲು ಓದೋಕೆ ಎರಡು ಸಲ ಎಳೀಬೇಕಲ್ಲೋ. ಆ ತುದಿಗೆ ಹೋಗಿ ಬರೋಷ್ಟರಲ್ಲಿ ಸಾಲೇ ತಪ್ಪಿರುತ್ತೆ."

ಅವರು ಹೇಳಿದ್ದು ಸರಿ. ಪುಸ್ತಕ ಡೆಮಿ 1/8 ಅಳತೆಯದು, ಅಗಲ ಸುಮಾರು 14 ಸೆಂಟಿಮೀಟರ್. ಫೋನಿನ ಪರದೆ 7 ಸೆಂಟಿಮೀಟರ್. ಇಡೀ ಪುಟ ಹಿಡಿಸಿದರೆ 12 ಪಾಯಿಂಟಿನ ಅಕ್ಷರ 6 ಪಾಯಿಂಟಿಗೆ ಇಳಿಯುತ್ತದೆ. ಒತ್ತಕ್ಷರಗಳಂತೂ ಚುಕ್ಕೆಯಾಗಿಬಿಡುತ್ತವೆ. ದೊಡ್ಡದು ಮಾಡಿದರೆ ಸಾಲಿನ ತುದಿ ಪರದೆಯಾಚೆ.

ಇದನ್ನು ಪಿಡಿಎಫ್‌ನ ತಪ್ಪು ಅನ್ನಲಾರೆ. 1993ರಲ್ಲಿ ಅದು ಬಂದಿದ್ದೇ, ಪುಟವನ್ನು ಎಲ್ಲಿ ತೆರೆದರೂ ಒಂದೇ ಥರ ಕಾಣಲಿ ಅಂತ. ಒಳಗೆ ಇರುವುದು ಹೆಚ್ಚಾಗಿ "ಈ ಆಕಾರವನ್ನು ಪುಟದ ಈ ಜಾಗದಲ್ಲಿ ಇಡು" ಅನ್ನುವ ಸೂಚನೆಗಳು. ಪ್ಯಾರಾ ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನುವುದು ಬೇಕೆಂದೇ ಸೇರಿಸಿದ್ದರೆ ಮಾತ್ರ ಇರುತ್ತದೆ. ಅಚ್ಚಿಗೆ ಅದು ಬೇಕಿಲ್ಲ. ಪರದೆಯ ಅಗಲ ನೋಡಿ ಸಾಲು ಹೊಂದಿಸಿಕೊಳ್ಳುವ ಇ-ಪುಸ್ತಕದ ಕಡತ ಇಪಬ್‌ಗೆ ಅದಿಲ್ಲದೆ ಆಗುವುದೇ ಇಲ್ಲ.

ಸರಿ, ಇಪಬ್ ಮಾಡೋಣ ಅಂತ ಕೂತೆ. ಮೊದಲು ಒಂದು ಪ್ಯಾರಾ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿದೆ. 'ಕನ್ನಡ' ಅನ್ನುವ ಪದ ಇದ್ದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು! ಪುಸ್ತಕವನ್ನು ಪುಟ ಕಟ್ಟಿದ್ದು ಪೇಜ್‌ಮೇಕರ್ ಅನ್ನುವ ಹಳೇ ತಂತ್ರಾಂಶದಲ್ಲಿ, ಹಳೇ ಫಾಂಟಿನಲ್ಲಿ. ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತದೆ. ನೋಡೋಕೆ ಚಂದದ ಕನ್ನಡ, ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಆ ಪುಟಗಳಲ್ಲಿ ಕನ್ನಡದ ಒಂದು ಪದ ಹುಡುಕೋಕೂ ಆಗಲ್ಲ. ಫೋನಿಗೆ ಓದಿ ಹೇಳು ಅಂದರೆ ಅದೂ ಆಗಲ್ಲ.

ಮುನ್ನುಡಿ ಮಾತ್ರ ಆಮೇಲೆ ಸೇರಿಸಿದ್ದು, ಯೂನಿಕೋಡ್ ಫಾಂಟಿನದು. ಅದಾದರೂ ಸಲೀಸು ಅಂದುಕೊಂಡೆ. 'ಸೂರ್ಯ' ಇದ್ದ ಕಡೆ 'ಸೂಯರ್' ಅಂತ ಬಂತು. ಅರ್ಕಾವತ್ತು ಕಣ್ಣಿಗೆ ಕಾಣುವುದು ಅಕ್ಷರದ ಬಲಕ್ಕೆ, ಉಚ್ಚಾರದಲ್ಲಿ ಮಾತ್ರ ಮೊದಲು. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ. ಪಿಡಿಎಫ್‌ನಿಂದ ಹೊರಬಂದಿದ್ದು ಪುಟದ ಮೇಲೆ ಆಕಾರಗಳನ್ನು ಇಟ್ಟ ಕ್ರಮ. ಹೀಗಾಗಿ 'ಕರ್ಮ' ಹೋಗಿ 'ಕಮರ್' ಆಗಿತ್ತು, 'ಕಾರ್ಯ' ಹೋಗಿ 'ಕಾಯರ್'.

ಹಳೇ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಸಾಧನ ಸಿಕ್ಕಿತು, ಅಕ್ಷರಗಳು ಬಹುಪಾಲು ಸರಿಯಾಗಿ ಬಂದವು. ಆಮೇಲೆ ಪುಟದ ತಲೆ ಮೇಲಿನ ಬರಹದ ಗೋಳು. ಒಂದು ಕಡೆ ಹೀಗಿತ್ತು: "ಬಾಗಿಲು ತೆಗೆದು ನೋಡಿದರೆ 47 ಮೊದಲ ಪತ್ರ ಅಂಗಳದಲ್ಲಿ ಯಾರೂ ಇರಲಿಲ್ಲ." 47 ಪುಟದ ಸಂಖ್ಯೆ, 'ಮೊದಲ ಪತ್ರ' ಅಧ್ಯಾಯದ ಹೆಸರು. ಅಮ್ಮ ಎಷ್ಟು ಯೋಚಿಸಿ ಬರೆದ ವಾಕ್ಯ ಅದು. ಅದರ ನಡುವೆ ಹೀಗೆ ಬಂದು ಕೂತಿದ್ದು ನೋಡಿ ನನಗೆ ನಿಜವಾಗ್ಲೂ ಸಂಕಟ ಆಯಿತು.

ಪ್ರತಿ ಸಾಲೂ ಒಂದೊಂದು ಪ್ಯಾರಾ ಆಗಿ ಮುರಿದಿತ್ತು. ಸಾಲುಗಳನ್ನು ತಾನೇ ಜೋಡಿಸು ಅಂತ ತಂತ್ರಾಂಶಕ್ಕೆ ಹೇಳಿದೆ. ಗದ್ಯ ಸರಿಹೋಯಿತು. ಆದರೆ ಕೊನೆಯಲ್ಲಿರುವ ಎರಡು ಪದ್ಯಗಳೂ ಒಂದೇ ಉದ್ದ ಪ್ಯಾರಾ ಆಗಿಬಿಟ್ಟವು. ಯಾವ ಸಾಲು ಜಾಗ ಸಾಲದೆ ಮುರಿಯಿತು, ಯಾವುದನ್ನು ಅಮ್ಮ ಬೇಕೆಂದೇ ಮುರಿದರು, ಪಿಡಿಎಫ್‌ನಲ್ಲಿ ಎರಡೂ ಒಂದೇ. ಪಿಡಿಎಫ್‌ನ ಪುಟ ಕಣ್ಣೆದುರು ಇಟ್ಟುಕೊಂಡು ಪದ್ಯಗಳನ್ನು ಮತ್ತೆ ಟೈಪ್ ಮಾಡಿದೆ. ಪರಿವಿಡಿಯ ಪುಟಸಂಖ್ಯೆ ತೆಗೆದು ಲಿಂಕ್ ಹಾಕಿದೆ. ಅಕ್ಷರ ದೊಡ್ಡದು ಮಾಡಿದಂತೆಲ್ಲ ಪುಟಗಳೇ ಬದಲಾಗುವಾಗ ಆ ಸಂಖ್ಯೆಗಳಿಗೆ ಅರ್ಥವಿಲ್ಲ.

164 ಪುಟಕ್ಕೆ ಮೂರು ವಾರ ಹಿಡಿಯಿತು. ಪುಟ ಕಟ್ಟಿದವರ ಹತ್ತಿರ ಮೂಲ ಕಡತ ಇದ್ದಿದ್ದರೆ ಈ ಕೆಲಸದ ಅರ್ಧವೂ ಇರುತ್ತಿರಲಿಲ್ಲ. ಕೇಳಿದೆ, ಕಂಪ್ಯೂಟರ್ ಬದಲಾಯಿಸಿದಾಗ ಹೋಯಿತಂತೆ. ನೀವು ಪುಸ್ತಕ ಮಾಡಿಸುತ್ತಿದ್ದರೆ ದಯವಿಟ್ಟು ಪಿಡಿಎಫ್ ಜೊತೆಗೆ ತಿದ್ದುಪಡಿ ಎಲ್ಲ ಆದ ಪಠ್ಯವನ್ನೂ ಯೂನಿಕೋಡಿನಲ್ಲಿ ಕೇಳಿ ಇಸಕೊಳ್ಳಿ. ಅಚ್ಚಾದ ದಿನವೇ ಕೇಳಿ.

ಮೊನ್ನೆ ದೊಡ್ಡಮ್ಮ ಮತ್ತೆ ಫೋನ್ ಮಾಡಿದರು. ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಂಡು ನಾಲ್ಕನೇ ಅಧ್ಯಾಯಕ್ಕೆ ಬಂದಿದ್ದಾರೆ. "ಮುನ್ನುಡೀಲಿ ಒಂದು ಕಡೆ 'ಕಾಯರ್' ಅಂತಿದೆ ನೋಡೋ, ಅದು ಕಾರ್ಯ ಅಲ್ವಾ?" ಅಂದರು. ತಿದ್ದಿ, ಹೊಸ ಕಡತ ಕಳಿಸಿದ್ದೇನೆ.