ಕಾನ್ವಿಯ ಏಡಿ, ನಗರದ ಕೋಟೆ

ಅಮ್ಮ ಹೋದ ವರ್ಷ ಹೊಸನಗರದಿಂದ ಮೂರು ತಿಂಗಳಿಗೆ ಅಂತ ನಮ್ಮನೆಗೆ ಬಂದಿದ್ದರು. ನಾವಿರುವುದು ಇಂಗ್ಲೆಂಡಿನ ಚೆಸ್ಟರ್ ಹತ್ತಿರ. ಮೊದಲ ಎರಡು ವಾರ ಅವರಿಗೆ ಬೇಜಾರೋ ಬೇಜಾರು. ಬೀದಿಯಲ್ಲಿ ಮಾತಾಡಿಸಲು ಒಬ್ಬರಿಲ್ಲ, ಅಂಗಳದಲ್ಲಿ ಮಾಡಲು ಒಂದು ಕೆಲಸವಿಲ್ಲ. ಒಂದು ಭಾನುವಾರ ಅವರನ್ನೂ ಏಳು ವರ್ಷದ ಮಗನನ್ನೂ ಕಾರಲ್ಲಿ ಕೂರಿಸಿಕೊಂಡು ಕಾನ್ವಿಗೆ ಹೊರಟೆವು. ಸುಮಾರು ಒಂದು ಗಂಟೆ ದಾರಿ. ವೇಲ್ಸ್‌ನ ಉತ್ತರದ ಕರಾವಳಿಯಲ್ಲಿ, ನದಿ ಸಮುದ್ರ ಸೇರುವ ಕಡೆ ಇರುವ ಪುಟ್ಟ ಊರು.

ಊರಿನ ಸುತ್ತ ಕೋಟೆ ಗೋಡೆ ಈಗಲೂ ಹಾಗೇ ನಿಂತಿದೆ. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ವೇಲ್ಸ್ ಗೆದ್ದ ಮೇಲೆ 1283ರಿಂದ 1287ರ ಒಳಗೆ ಕಟ್ಟಿಸಿದ್ದು. ಗೋಡೆಯ ಉದ್ದ 1.3 ಕಿಲೋಮೀಟರ್, ಅದರಲ್ಲಿ 21 ಬುರುಜು. ಕೋಟೆಯೊಳಗೆ ಹೋಗಲು ಟಿಕೆಟ್ ಬೇಕು, ಆದರೆ ಊರಗೋಡೆಯ ಮೇಲೆ ನಡೆಯಲು ಒಂದು ಪೈಸೆ ಕೊಡಬೇಕಿಲ್ಲ. ಮಗ ಬುರುಜು ಎಣಿಸುತ್ತಾ ಮುಂದೆ ಓಡಿದ. ಅಮ್ಮ ಹಿಂದೆ ನಿಧಾನಕ್ಕೆ ಬಂದರು, ಮೇಲಿಂದ ಕಾಣುವ ಹಿತ್ತಿಲುಗಳಲ್ಲಿ ಯಾರು ಏನು ಬೆಳೆದಿದ್ದಾರೆ ಅಂತ ನೋಡುತ್ತಾ.

ದಡದಲ್ಲಿ ಕೆಂಪು ಬಣ್ಣದ ಒಂದು ಮನೆ ಇದೆ. ಬ್ರಿಟನ್ನಿನಲ್ಲೇ ಅತಿ ಚಿಕ್ಕದಂತೆ, ಅಗಲ ಬರೀ 1.8 ಮೀಟರ್. ಆರಡಿಗಿಂತ ಎತ್ತರದ ಮೀನುಗಾರನೊಬ್ಬ 1900ರವರೆಗೂ ಅದರಲ್ಲಿ ವಾಸವಿದ್ದ. ಮಕ್ಕಳಿಗೆ ಐದು ನಿಮಿಷದ ಖುಷಿ, ಅಷ್ಟೇ.

ನಿಜವಾದ ಸಂಭ್ರಮ ಇರುವುದು ಅದರ ಮುಂದಿನ ಕಲ್ಲುಕಟ್ಟೆಯ ಮೇಲೆ. ಅಲ್ಲಿ ಮಕ್ಕಳು ಸಾಲಾಗಿ ಕೂತು ಏಡಿ ಹಿಡಿಯುತ್ತಾರೆ. ಒಂದು ದಾರ, ತುದಿಗೆ ಪುಟ್ಟ ಬಲೆಚೀಲ, ಅದರೊಳಗೆ ಹಂದಿ ಮಾಂಸದ ಚೂರು. ನೀರಿಗೆ ಬಿಟ್ಟು ಸುಮ್ನೆ ಕಾಯಬೇಕು. ದಾರ ಒಂಚೂರು ಜಗ್ಗಿದ ಹಾಗಾದರೆ ಮೆಲ್ಲಗೆ ಎಳೆಯಬೇಕು, ಅವಸರ ಮಾಡಿದರೆ ಏಡಿ ಅರ್ಧದಲ್ಲೇ ಕೈಬಿಟ್ಟು ನೀರಿಗೆ ಬೀಳುತ್ತೆ. ಬಕೆಟ್ಟಿನಲ್ಲಿ ಸಮುದ್ರದ ನೀರೇ ತುಂಬಿಸಬೇಕು, ಜಾಸ್ತಿ ಏಡಿ ಹಾಕಬಾರದು, ಮನೆಗೆ ಹೊರಡುವಾಗ ಎಲ್ಲವನ್ನೂ ವಾಪಸ್ ಬಿಡಬೇಕು. ಹಸಿರು ಬೆನ್ನಿನ ಮೊದಲ ಏಡಿ ಮೇಲೆ ಬಂದಾಗ ಮಗ ಹೆದರಿ ಹಿಂದೆ ಸರಿದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದರು.

"ಮುಂದಿಂದ ಕೈ ಹಾಕಬೇಡ ಪುಟ್ಟಾ. ಹಿಂದಿಂದ, ಹೆಬ್ಬೆರಳು ಕೆಳಗೆ, ತೋರುಬೆರಳು ಬೆನ್ನ ಮೇಲೆ. ಕೊಂಬು ಅಷ್ಟು ದೂರ ತಿರುಗಲ್ಲ."

ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಹತ್ತುಮೀನು, ನಾಟಿ ಮುಗಿದ ಮೇಲೆ ಗದ್ದೆ ಬದುವಿನಲ್ಲಿ ಏಡಿ ಹಿಡಿದು ಬೆಳೆದ ಕೈ ಅದು. ಪಕ್ಕದಲ್ಲಿ ಕೂತಿದ್ದ ಇಬ್ಬರು ಹುಡುಗಿಯರೂ ಅಜ್ಜಿಯ ಹತ್ತಿರ ಬಂದರು. ಭಾಷೆ ಬೇಕಾಗಲಿಲ್ಲ. ಆವತ್ತು ಸಂಜೆ ಕಾರಿನಲ್ಲಿ ಅಮ್ಮ ಮಾತಾಡಿದ್ದೇ ಮಾತಾಡಿದ್ದು. ಮಧ್ಯೆ ಹೇಳಿದರು, "ನಮ್ಮ ನಗರದ ಕೋಟೆಗೆ ನಿನ್ನನ್ನು ಒಂದು ದಿನವೂ ಕರ್ಕೊಂಡು ಹೋಗಲಿಲ್ಲ ನೋಡು."

ನಿಜ. ನಗರ ಅನ್ನುವುದು ಹೊಸನಗರದ ಹತ್ತಿರದ ಊರು. ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಅಲ್ಲಿನ ಕೋಟೆಯನ್ನು ನಾನು ನೋಡಿದ್ದು ಶಾಲೆಯ ಪ್ರವಾಸದಲ್ಲಿ ಒಂದೇ ಸಲ.

ಹಾಗಾಗಿ ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದಾಗ ಮೊದಲು ಹೋಗಿದ್ದೇ ನಗರಕ್ಕೆ. ಕೆಳದಿ ಅರಸರ ರಾಜಧಾನಿ ಬಿದನೂರು ಅದೇ. 1763ರಲ್ಲಿ ಹೈದರ್ ಅಲಿ ಗೆದ್ದು ಹೈದರ್ ನಗರ ಅಂತ ಹೆಸರಿಟ್ಟ, ಜನರ ಬಾಯಲ್ಲಿ ನಗರ ಉಳಿಯಿತು. ಮಗ ಬುರುಜು ಎಣಿಸಲು ಶುರು ಮಾಡಿದ, ನಾನೂ ಜೊತೆಗೆ ಎಣಿಸಿದೆ. ಗೋಡೆಯ ಸಂದಿನಲ್ಲಿ ಪಾಚಿ, ಪುಟ್ಟ ಜರೀಗಿಡ. ಒಳಗೆ ಅಕ್ಕ ತಂಗಿ ಕೊಳದ ಹತ್ತಿರ ಕೂತು ಅಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದೆವು. ಕಾನ್ವಿಗಿಂತ ಒಂದು ಚೂರೂ ಕಡಿಮೆ ಇಲ್ಲ, ಮಕ್ಕಳಿಗೆ ಓಡಾಡಲು ಜಾಗ ಇಲ್ಲೇ ಜಾಸ್ತಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ, ಗೋಡೆ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ. ಮಳೆಗಾಲದಲ್ಲಿ ಹೋಗುವುದಾದರೆ ರಕ್ತ ಹೀರುವ ಇಂಬಳಕ್ಕೆ (ಜಿಗಣೆಗೆ) ಸುಣ್ಣವೋ ಉಪ್ಪೋ ಜೊತೆಗಿರಲಿ.

ಅದೇ ವಾರ ಕೆಳದಿಗೂ ಹೋದೆವು. ರಾಮೇಶ್ವರ ದೇವಸ್ಥಾನದ ಛಾವಣಿಯಲ್ಲಿರುವ ಗಂಡಭೇರುಂಡ ತೋರಿಸಿ, ಪಕ್ಕದ ವಸ್ತು ಸಂಗ್ರಹಾಲಯದಲ್ಲಿ ತಾಳೆಗರಿ ನೋಡಿದೆವು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಬೆಳಿಗ್ಗೆಯೇ ಹೋಗಿ, ತುಂಗೆಯಲ್ಲಿ ಆನೆಗಳು ಸ್ನಾನ ಮಾಡುವ ಹೊತ್ತಿಗೆ. ತಡವಾದರೆ ಕಾಡಿಗೆ ಬಿಟ್ಟಿರುತ್ತಾರೆ. ಕವಲೇದುರ್ಗ ಈ ಸಲ ಆಗಲಿಲ್ಲ. ಗದ್ದೆ ದಾಟಿ, ಕಲ್ಲುಹಾಸಿನ ದಾರಿಯಲ್ಲಿ ಒಂದರ ಮೇಲೊಂದು ಮೂರು ಸುತ್ತಿನ ಕೋಟೆ ಹತ್ತಬೇಕು, ಅದಕ್ಕೆ ಒಂದು ಪೂರ್ತಿ ದಿನ ಇಡಬೇಕು.

ಇಂಗ್ಲೆಂಡಿನಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದು ಜುಲೈ ಕೊನೆಗೆ. ಹತ್ತುಮೀನಿನ ಕಾಲ ಅಷ್ಟೊತ್ತಿಗೆ ಮುಗಿದಿರುತ್ತೆ, ಆದರೆ ಬದುವಿನಲ್ಲಿ ಏಡಿ ಇರುತ್ತೆ ಅಂತ ಅಮ್ಮ ಫೋನಿನಲ್ಲಿ ಹೇಳಿದ್ದಾರೆ. ಟಿಕೆಟ್ ತೆಗೆದಾಗಿದೆ. ಮಗ ತನ್ನ ದಾರ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದಾನೆ. ಗದ್ದೆಯಲ್ಲಿ ದಾರ ಬೇಡ, ಕೈ ಸಾಕು ಅಂತ ಅಜ್ಜಿ ಹೇಳಿದರೂ ಕೇಳಲಿಲ್ಲ.