ಟೆಕಾಪೊ ಕತ್ತಲಿಗೆ ಮೋಟರ್‌ಹೋಮ್‌ನಲ್ಲಿ ಹೊರಡುವವರು ದೀಪಗಳನ್ನೂ ವಿಚಾರಿಸಿಕೊಳ್ಳಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಮೋಟರ್‌ಹೋಮ್‌ನಲ್ಲಿ ಸುತ್ತಬೇಕೆಂದಿರುವ ಗೆಳತಿಯರು ನನ್ನನ್ನು ರಸ್ತೆ ಹೇಗಿದೆ, ಚಳಿ ಎಷ್ಟು, ಅನ್ನ ಸಾರು ಮಾಡಿಕೊಳ್ಳಬಹುದೇ ಎಂದೆಲ್ಲ ಕೇಳುತ್ತಾರೆ. ದೀಪಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ನಾವು ಹೋದ ಏಪ್ರಿಲ್ ಕೊನೆಯ ವಾರದಲ್ಲಿ ಅಲ್ಲಿ ಸಂಜೆ 6 ಗಂಟೆಗೆಲ್ಲ ಕತ್ತಲು ಕವಿಯುತ್ತದೆ, ಬೆಳಕು ಹರಿಯುವುದು ಮರುದಿನ 7ರ ಹೊತ್ತಿಗೆ. ಅಷ್ಟು ದೀರ್ಘ ರಾತ್ರಿಯನ್ನು ಐದು ಜನ ಒಂದೇ ಗಾಡಿಯೊಳಗೆ ಕಳೆಯಬೇಕೆಂದರೆ ಯಾವ ದೀಪ ಎಲ್ಲಿದೆ, ಅದನ್ನು ಹೇಗೆ ಆರಿಸುವುದು ಎಂಬುದು ಸಣ್ಣ ವಿಷಯವಲ್ಲ. ಅದರಲ್ಲೂ ಈಗಿನ ಗಾಡಿಗಳಲ್ಲಿ ವೈರ್‌ಲೆಸ್ ನಿಯಂತ್ರಣ ಬಂದಿರುವುದರಿಂದ ಹೊರಡುವ ಮುನ್ನವೇ ಅದನ್ನು ತಿಳಿದುಕೊಂಡಿರಬೇಕು.

ನಮ್ಮ ದಾರಿ ಸರಳವಾಗಿತ್ತು. ಕ್ರೈಸ್ಟ್‌ಚರ್ಚ್‌ನಲ್ಲಿ ಗಾಡಿ ಪಡೆದು, ಜೆರಾಲ್ಡೀನ್, ಫೇರ್ಲಿ, ಬರ್ಕ್ಸ್ ಪಾಸ್ ದಾಟಿ ಟೆಕಾಪೊ ಸರೋವರಕ್ಕೆ. ಅಲ್ಲಿಂದ ಪುಕಾಕಿ ಸರೋವರದ ಪಕ್ಕದ ರಸ್ತೆ ಹಿಡಿದು ಔರಾಕಿ, ಅಂದರೆ ಮೌಂಟ್ ಕುಕ್ ಬುಡಕ್ಕೆ. ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊಗೆ ಸುಮಾರು 225 ಕಿ.ಮೀ., ಅಲ್ಲಿಂದ ಮೌಂಟ್ ಕುಕ್‌ಗೆ ಇನ್ನೊಂದು 100 ಕಿ.ಮೀ. ನಮ್ಮಂತೆಯೇ ಎಡಬದಿಯ ಚಾಲನೆ, ಹಾಗಾಗಿ ಯಜಮಾನರಿಗೆ ಗಾಡಿ ಓಡಿಸುವುದು ಕಷ್ಟವಾಗಲಿಲ್ಲ. 3,500 ಕಿಲೋಗಿಂತ ಭಾರದ ಗಾಡಿಗೆ ವೇಗದ ಮಿತಿ ಗಂಟೆಗೆ 90 ಕಿ.ಮೀ. ಎಂಬುದು ನೆನಪಿರಲಿ. ದಾರಿಯ ಬಗ್ಗೆ ಇಷ್ಟು ಸಾಕು.

ಗಾಡಿ ಕೈಗೆ ಕೊಡುವಾಗ ಡಿಪೋದವರು ಗ್ಯಾಸ್, ನೀರಿನ ತೊಟ್ಟಿ, ಶೌಚಾಲಯದ ಡಬ್ಬಿ ಇವನ್ನೆಲ್ಲ ಬಿಡಿಸಿ ಹೇಳುತ್ತಾರೆ. ದೀಪದ ವಿಷಯಕ್ಕೆ ಬಂದಾಗ ಗೋಡೆಯ ಮೇಲಿನ ಕಾಗದವನ್ನು ತೋರಿಸಿ ಮುಗಿಸಿಬಿಡುತ್ತಾರೆ. ಅಲ್ಲೇ ನಿಂತು ಪ್ರತಿಯೊಂದನ್ನೂ ಹಚ್ಚಿಸಿ, ಆರಿಸಿ ನೋಡಿ. ಹಗಲಿನಲ್ಲಿ ಬೇಡವೆನಿಸಬಹುದು, ಆದರೂ ನೋಡಿ.

ನಮ್ಮ ಗಾಡಿಯಲ್ಲಿ ಮೂರು ಬಗೆಯ ವ್ಯವಸ್ಥೆ ಇತ್ತು, ಮೂರರ ಸ್ವಭಾವವೂ ಬೇರೆ. ಚಾವಣಿಯ ಅಂಚಿಗೆ ಅಂಟಿಸಿದ್ದ ಎಲ್‌ಇಡಿ ಪಟ್ಟಿ ಬ್ಲೂಟೂತ್‌ನಿಂದ ನಡೆಯುತ್ತಿತ್ತು. ಬ್ಯಾಟರಿಯಿಂದ ಬರುವ 12 ವೋಲ್ಟ್ ತಂತಿ ಮತ್ತು ಪಟ್ಟಿಯ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದಿರುತ್ತದೆ. ಫೋನಿನಲ್ಲಿರುವ ಆ್ಯಪ್ ಅದರೊಡನೆ ಮಾತಾಡಿ ಬೆಳಕನ್ನು ಏರಿಸುತ್ತದೆ, ಇಳಿಸುತ್ತದೆ, ಬಣ್ಣ ಬದಲಿಸುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಾಗಿಲ್ಲ, ಮೊಬೈಲ್ ಸಿಗ್ನಲ್ ಸಿಗದ ಕಣಿವೆಯಲ್ಲೂ ನಡೆಯುತ್ತದೆ. ಆದರೆ ಆ್ಯಪ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಲ್ಲ! ಆ ಕೆಲಸವನ್ನು ಊರಿನಲ್ಲಿರುವಾಗಲೇ ಮುಗಿಸಿಕೊಳ್ಳಿ.

ಎರಡನೆಯದು ಹೊರಗಿನ ಮೇಲ್ಕಟ್ಟಿನ ದೀಪ. ಅದಕ್ಕೊಂದು ಪುಟ್ಟ ರೇಡಿಯೊ ರಿಮೋಟ್, ಒಳಗೆ 2032 ಎಂದು ಬರೆದಿರುವ ಬಿಲ್ಲೆಯಾಕಾರದ ಸೆಲ್. ಚಳಿಯಲ್ಲಿ ಈ ಸೆಲ್‌ಗಳು ಬೇಗ ಸೊರಗುತ್ತವೆ. ಕ್ರೈಸ್ಟ್‌ಚರ್ಚ್‌ನ ಯಾವ ಸೂಪರ್‌ಮಾರ್ಕೆಟ್‌ನಲ್ಲಾದರೂ ಎರಡು ಸೆಲ್ ಕೊಂಡು ಕೈಚೀಲದಲ್ಲಿ ಇಟ್ಟುಕೊಳ್ಳಿ, ಮೌಂಟ್ ಕುಕ್ ಹಳ್ಳಿಯಲ್ಲಿ ಸಿಗುತ್ತದೆಂದು ಹೋಗಬೇಡಿ. ಏಪ್ರಿಲ್ 25 ಅಲ್ಲಿ ಆ್ಯನ್‌ಜಾಕ್ ದಿನ, ಅಂದರೆ ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ದಿನ, ಮಧ್ಯಾಹ್ನ 1ರವರೆಗೆ ಬಹುತೇಕ ಅಂಗಡಿಗಳು ತೆರೆಯುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಮೂರನೆಯದು: ತಂತಿಯೂ ಇಲ್ಲದ, ಸೆಲ್ಲೂ ಇಲ್ಲದ ಸ್ವಿಚ್. ಬೆರಳಿನಿಂದ ಒತ್ತಿದಾಗ ಒಳಗಿನ ಸಣ್ಣ ಅಯಸ್ಕಾಂತ ಮತ್ತು ಸುರುಳಿಯಿಂದ ಕ್ಷಣಮಾತ್ರ ವಿದ್ಯುತ್ ಹುಟ್ಟುತ್ತದೆ. ರೇಡಿಯೊ ಸಂದೇಶವೊಂದನ್ನು ಕಳುಹಿಸಲು ಅಷ್ಟೇ ಸಾಕು. ಸೀಮೆನ್ಸ್‌ನಿಂದ ಹೊರಬಂದು 2001ರಲ್ಲಿ ಆರಂಭವಾದ ಜರ್ಮನಿಯ ಎನ್‌ಓಷನ್ ಕಂಪನಿ ಹೆಸರು ಮಾಡಿದ್ದು ಇಂತಹ ತಂತ್ರದಿಂದಲೇ. ಗೋಡೆ ಕೊರೆಯದೆ, ತಂತಿ ಎಳೆಯದೆ ಎಲ್ಲಿ ಬೇಕಾದರೂ ಅಂಟಿಸಬಹುದಾದ್ದರಿಂದ ತೆಳು ಗೋಡೆಯ ಕ್ಯಾರವಾನ್‌ಗಳಿಗೆ ಇದು ಹೇಳಿ ಮಾಡಿಸಿದ್ದು.

ನಮ್ಮ ಅತ್ತೆಗೆ ಮೊಣಕಾಲು ನೋವು. ರಾತ್ರಿ ಎದ್ದರೆ ಕಾಲಿಡುವ ಜಾಗ ಕಾಣಲೇಬೇಕು, ಹಾಗೆಂದು ಮಲಗಿರುವ ಮಗುವಿನ ಮುಖಕ್ಕೆ ಬೆಳಕು ಬೀಳಬಾರದು. ಆ ಸ್ವಿಚ್ಚಿನ ಹಿಂಬದಿಗೆ ವೆಲ್ಕ್ರೋ ಇತ್ತು. ಬಾಗಿಲ ಬಳಿಯಿಂದ ಅದನ್ನು ಕಿತ್ತು, ಅತ್ತೆಯ ದಿಂಬಿನ ಪಕ್ಕ, ಕೈ ಚಾಚಿದರೆ ಸಿಗುವಲ್ಲಿ ಅಂಟಿಸಿದೆ. ಒತ್ತಿದರೆ ಟಕ್ ಎಂಬ ಸದ್ದು, ನೆಲದ ಅಂಚಿನ ದೀಪ ಮಾತ್ರ ಮಂದವಾಗಿ ಹತ್ತುತ್ತಿತ್ತು. "ಇದೊಂದು ಸಾಕು ಕಣಮ್ಮ, ದೀಪ ಹಚ್ಚೋದಕ್ಕೆ ಆ ಫೋನು ಯಾಕೆ?" ಎಂದರು ಅತ್ತೆ. ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬರೀ ಫೋನಿನಿಂದ ಮಾತ್ರ ನಡೆಯುವ ದೀಪಗಳಿರುವ ಗಾಡಿಯನ್ನು ಹಿರಿಯರು, ಮಕ್ಕಳು ಇರುವ ಕುಟುಂಬ ಪಡೆಯಲೇಬಾರದು. ಚಾವಣಿಯ ಪಟ್ಟಿಗಿದ್ದಂತಹ ಎಷ್ಟೋ ಬ್ಲೂಟೂತ್ ಪೆಟ್ಟಿಗೆಗಳು ಒಂದು ಹೊತ್ತಿಗೆ ಒಂದೇ ಫೋನಿಗೆ ಓಗೊಡುತ್ತವೆ. ಯಜಮಾನರು ತಮ್ಮ ಫೋನು ಹಿಡಿದು ನಕ್ಷತ್ರಗಳ ಫೋಟೊ ತೆಗೆಯಲು ಗಾಡಿಯ ಪಕ್ಕದಲ್ಲೇ ನಿಂತಿದ್ದಾಗ, ಒಳಗಿದ್ದ ನನ್ನ ಫೋನಿಗೆ ಚಾವಣಿಯ ದೀಪ ಜಗ್ಗಲಿಲ್ಲ. ಕಾಯ್ದಿರಿಸುವಾಗಲೇ ಇಮೇಲ್ ಬರೆದು ಕೇಳಿ: ಪ್ರತಿಯೊಂದು ದೀಪಕ್ಕೂ ಕೈಯಿಂದ ಒತ್ತುವ ಸ್ವಿಚ್ ಇದೆಯೇ? ಇಲ್ಲವೆಂದರೆ ಬೇರೆ ಗಾಡಿ ನೋಡಿ.

ಇನ್ನು ಟೆಕಾಪೊ. ಔರಾಕಿ ಮೆಕೆಂಜಿ ಪ್ರದೇಶದ 4,300 ಚದರ ಕಿ.ಮೀ.ಗೂ ಹೆಚ್ಚು ನೆಲವನ್ನು 2012ರಲ್ಲಿ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಸರೋವರದ ಮೇಲಿನ ಮೌಂಟ್ ಜಾನ್ ಗುಡ್ಡದಲ್ಲಿ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ವೀಕ್ಷಣಾಲಯವಿದೆ. ಆ ವೀಕ್ಷಣಾಲಯದ ಹಿತಕ್ಕಾಗಿ ಇಲ್ಲಿ 1980ರ ದಶಕದಿಂದಲೇ ಹೊರಾಂಗಣ ದೀಪಗಳ ಮೇಲೆ ನಿಯಮಗಳಿವೆ. ಊರಿನ ಬೀದಿದೀಪಗಳು ಕೂಡ ನೆಲಕ್ಕೆ ಮುಖ ಮಾಡಿಕೊಂಡೇ ಉರಿಯುತ್ತವೆ. ಊರಿನವರು ದಶಕಗಳಿಂದ ಜೋಪಾನ ಮಾಡಿಕೊಂಡು ಬಂದ ಈ ಕತ್ತಲನ್ನು ನಮ್ಮ ಒಂದು ಮೇಲ್ಕಟ್ಟಿನ ದೀಪ ಹಾಳು ಮಾಡಬಾರದು ಎಂಬುದು ನನಗೆ ಬಹಳ ಮುಖ್ಯವೆನಿಸಿತು.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ ಕಾಯಬೇಕು. ಮಂದವಾದ ಕೆಂಪು ಬೆಳಕಿನಿಂದ ಅಷ್ಟು ತೊಂದರೆಯಿಲ್ಲ. ವೈರ್‌ಲೆಸ್ ನಿಯಂತ್ರಣದ ನಿಜವಾದ ಉಪಯೋಗ ನನಗೆ ತಿಳಿದದ್ದು ಇಲ್ಲಿ. ಪಟ್ಟಿಯನ್ನು ಕೆಂಪಿಗೆ ತಿರುಗಿಸಿ ತೀರಾ ಕೆಳಗಿನ ಮಟ್ಟಕ್ಕೆ ಇಳಿಸಿ, ಅದನ್ನೇ 'ರಾತ್ರಿ' ಎಂಬ ಹೆಸರಿನಲ್ಲಿ ಆ್ಯಪ್‌ನಲ್ಲಿ ಉಳಿಸಿಟ್ಟೆವು. ಸ್ವೆಟರ್ ಹಾಕಿಕೊಳ್ಳಲು, ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿಕೊಳ್ಳಲು ಒಳಗೆ ಬಂದವರು ಹಾಗೆಯೇ ಹೊರಗೆ ಹೋಗಿ ಆಕಾಶ ನೋಡಬಹುದಿತ್ತು. ಫೋನಿನ ಪರದೆಯ ಹೊಳಪನ್ನೂ ಇಳಿಸಿಕೊಳ್ಳಿ, ಇಲ್ಲವಾದರೆ ದೀಪ ಇಳಿಸಿದ್ದೂ ವ್ಯರ್ಥ.

ನಮ್ಮೂರಿನಲ್ಲಿ ದಕ್ಷಿಣದ ಅಂಚಿನಲ್ಲಿ ಕಷ್ಟಪಟ್ಟು ಹುಡುಕುವ ತ್ರಿಶಂಕು ನಕ್ಷತ್ರಪುಂಜ ಅಲ್ಲಿ ತಲೆಯ ಮೇಲೆ ನಿಂತಿರುತ್ತದೆ. ಮಹಾವ್ಯಾಧ (ಓರಿಯನ್) ಪಶ್ಚಿಮದಲ್ಲಿ ತಲೆಕೆಳಗಾಗಿ ಇಳಿಯುತ್ತಿರುತ್ತಾನೆ, ಅಗಸ್ತ್ಯ ನಕ್ಷತ್ರ ಕಣ್ಣು ಕುಕ್ಕುವಂತೆ ಬೆಳಗುತ್ತದೆ. ಮೋಡದ ತುಣುಕಿನಂತೆ ಕಾಣುವ ಎರಡು ಮಸುಕು ಚುಕ್ಕೆಗಳು ಮೆಗಲಾನಿಕ್ ಗೆಲಾಕ್ಸಿಗಳು. ಹೊರಡುವ ದಿನ ಗೊತ್ತು ಮಾಡುವಾಗ ಪಂಚಾಂಗ ತೆಗೆದು ಅಮಾವಾಸ್ಯೆ ನೋಡಿಕೊಳ್ಳಿ. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ.

ಶಿಬಿರದಲ್ಲಿ ಕಂಡ ಇನ್ನೊಂದು ತೊಂದರೆಯನ್ನು ಹೇಳಲೇಬೇಕು. ಬಾಗಿಲ ಮೇಲಿನ ಫಲಕದಲ್ಲಿ 12 ವೋಲ್ಟಿನ ಮುಖ್ಯ ಸ್ವಿಚ್ ಇರುತ್ತದೆ. ಅದನ್ನು ಆರಿಸಿ ಮತ್ತೆ ಹಾಕಿದರೆ ಕೆಲವು ಪೆಟ್ಟಿಗೆಗಳು ಹಿಂದಿನ ಸ್ಥಿತಿಯನ್ನು ಮರೆತು ಎಲ್ಲ ದೀಪಗಳನ್ನೂ ಪೂರ್ಣ ಬೆಳಕಿನಲ್ಲಿ ಹಚ್ಚಿಬಿಡುತ್ತವೆ. ನಡುರಾತ್ರಿ ಪಕ್ಕದ ಗಾಡಿಯೊಂದು ಹೀಗೆ ಧಗ್ಗನೆ ಬೆಳಗಿದಾಗ ಸುತ್ತಮುತ್ತ ಕ್ಯಾಮೆರಾ ಹೂಡಿ ಕುಳಿತವರೆಲ್ಲ ಮುಖ ತಿರುಗಿಸಬೇಕಾಯಿತು. ಡಿಪೋದಲ್ಲೇ ಮುಖ್ಯ ಸ್ವಿಚ್ ಆರಿಸಿ ಹಾಕಿ ನಿಮ್ಮ ಗಾಡಿ ಏನು ಮಾಡುತ್ತದೆಂದು ನೋಡಿಕೊಳ್ಳಿ. ಕತ್ತಲಾದ ಮೇಲೆ ಮುಟ್ಟಲೇಬೇಕಾದರೆ ಮೊದಲು ಪರದೆಗಳನ್ನೆಲ್ಲ ಎಳೆದುಬಿಡಿ.

ಮೌಂಟ್ ಕುಕ್ ಬುಡದ ವೈಟ್ ಹಾರ್ಸ್ ಹಿಲ್ ಶಿಬಿರದಲ್ಲಿ ಗಾಡಿಗೆ ವಿದ್ಯುತ್ ಸಂಪರ್ಕವಿಲ್ಲ, ಬ್ಯಾಟರಿಯೇ ಗತಿ. ಮನೆಯ ಇನ್ವರ್ಟರಿಗೆ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿ ಕೊಂಡವರಿಗೆ ಈ ಲೆಕ್ಕ ಸುಲಭ. ಗಾಡಿಯಲ್ಲಿ 100 ಎಎಚ್‌ನ ಎಜಿಎಂ (ಸೀಸ-ಆಮ್ಲದ ಒಂದು ಬಗೆಯ) ಬ್ಯಾಟರಿ ಇದ್ದರೆ ಅರ್ಧದಷ್ಟನ್ನು, ಅಂದರೆ 50 ಎಎಚ್ ಮಾತ್ರ ಬಳಸುವುದು ಕ್ಷೇಮ. ತಲಾ 2 ವ್ಯಾಟ್‌ನ 12 ದೀಪಗಳನ್ನು 5 ಗಂಟೆ ಉರಿಸಿದರೆ ಹೋಗುವುದು 10 ಎಎಚ್. ಅರ್ಧ ಬೆಳಕಿಗೆ ಇಳಿಸಿದರೆ ಹೆಚ್ಚುಕಡಿಮೆ ಅದರ ಅರ್ಧ. ಸದಾ ಎಚ್ಚರವಾಗಿರುವ ವೈರ್‌ಲೆಸ್ ಪೆಟ್ಟಿಗೆ ಬ್ಯಾಟರಿ ತಿಂದುಹಾಕುತ್ತದೆ ಎಂದು ಕೆಲವರು ಹೆದರಿಸುತ್ತಾರೆ. 20 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಅರ್ಧ ಎಎಚ್ ಅಷ್ಟೇ. ನಿಜವಾಗಿ ತಿನ್ನುವುದು ಫ್ರಿಜ್ ಮತ್ತು ಡೀಸೆಲ್ ಹೀಟರಿನ ಫ್ಯಾನು. ಚಳಿಯಲ್ಲಿ ಹೀಟರ್ ಬೇಕೇ ಬೇಕಾದ್ದರಿಂದ ಉಳಿತಾಯವನ್ನು ದೀಪದಲ್ಲಿ ಮಾಡಿಕೊಂಡೆವು. ಹಿಂದಿನ ರಾತ್ರಿ ಟೆಕಾಪೊದಲ್ಲಿ ವಿದ್ಯುತ್ ಸಂಪರ್ಕವಿರುವ ಜಾಗ ಹಿಡಿದು ಬ್ಯಾಟರಿ ತುಂಬಿಸಿಕೊಂಡು ಹೋಗಿ.

ಫೋಟೊ ತೆಗೆಯುವವರಿಗೊಂದು ಮಾತು: ಇಳಿಸಿದ ಎಲ್‌ಇಡಿ ಬೆಳಕು ನಿಜಕ್ಕೂ ಅತಿ ವೇಗವಾಗಿ ಹತ್ತಿ ಆರುತ್ತಿರುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ವಿಡಿಯೊದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣಬಹುದು. ಒಳಗಿನ ವಿಡಿಯೊ ಬೇಕಿದ್ದರೆ ಆಗ ಮಾತ್ರ ಪೂರ್ಣ ಬೆಳಕು ಹಾಕಿ, ಪರದೆ ಎಳೆದುಕೊಂಡು.

ಗಾಡಿ ಹಿಂತಿರುಗಿಸುವ ದಿನ ಡೀಸೆಲ್ ತುಂಬಿಸುವ, ತೊಟ್ಟಿ ಖಾಲಿ ಮಾಡುವ ಗಡಿಬಿಡಿಯಲ್ಲಿ ಒಂದು ಕೆಲಸ ತಪ್ಪಿಹೋಗುತ್ತದೆ. ಆ್ಯಪ್ ತೆರೆದು ನಿಮ್ಮ ಫೋನಿನ ಜೋಡಣೆ ತೆಗೆದುಹಾಕಿ, ನೀವಿಟ್ಟ ಗುಪ್ತ ಸಂಖ್ಯೆ ಏನಾದರೂ ಇದ್ದರೆ ಅದನ್ನೂ ಅಳಿಸಿ, ದಿಂಬಿನ ಪಕ್ಕ ಅಂಟಿಸಿದ ಸ್ವಿಚ್ಚನ್ನು ಬಾಗಿಲ ಬಳಿಗೆ ಮರಳಿಸಿ. ಇಲ್ಲವಾದರೆ ನಿಮ್ಮ ನಂತರ ಅದೇ ಗಾಡಿ ಹತ್ತುವ ಕುಟುಂಬ ಆ ಸಂಜೆಯೇ ಕತ್ತಲಲ್ಲಿ ಸ್ವಿಚ್ ಹುಡುಕಬೇಕಾಗುತ್ತದೆ.